ಸಹಾಯ ಬೇಕು: ಬುಲೆಟ್ ಸೈಡ್‌ಕಾರ್ ಎಡಕ್ಕೆ ಎಳೆಯುತ್ತಿದೆ

ಎಲ್ಲರಿಗೂ ನಮಸ್ಕಾರ. ಕುಂಬಳೆಯಲ್ಲಿರುವ ಹಳೆಯ ಬುಲೆಟ್ 350, ಎಡಗಡೆ ಸೈಡ್‌ಕಾರ್. ಆಕ್ಸಿಲರೇಟರ್ ಕೊಟ್ಟಾಗ ಎಡಕ್ಕೆ, ಬಿಟ್ಟಾಗ ಬಲಕ್ಕೆ ಎಳೆಯುವುದು ಸಹಜ. ಆದರೆ ಇದು ಒಂದೇ ವೇಗದಲ್ಲಿ ಹೋಗುವಾಗಲೂ ಎಡಕ್ಕೇ ಎಳೆಯುತ್ತಿದೆ.

ನೇರವಾದ ಎರಡು ಅಲ್ಯೂಮಿನಿಯಂ ಪಟ್ಟಿಗಳನ್ನು ಚಕ್ರಗಳಿಗೆ ಒತ್ತಿಟ್ಟು ಅವುಗಳ ನಡುವಿನ ಅಂತರ ಅಳೆದಾಗ ಹಿಂಬದಿಗಿಂತ ಮುಂಬದಿಯಲ್ಲಿ 15 ಮಿ.ಮೀ. ಕಡಿಮೆ ಬಂತು, ಅಂದರೆ ಟೋ-ಇನ್ (ಸೈಡ್‌ಕಾರ್ ಚಕ್ರ ಮುಂಬದಿಯಲ್ಲಿ ಬೈಕಿನ ಕಡೆಗೆ ತುಸು ತಿರುಗಿರುವುದು) ಸರಿಯಿದೆ. ಟಯರಿನ ಗಾಳಿ, ಹ್ಯಾಂಡಲ್ ಬೇರಿಂಗ್ ಕೂಡ ನೋಡಿಯಾಯಿತು. ದೋಷ ಬೈಕ್ ನಿಂತ ರೀತಿಯಲ್ಲೇ ಇದೆ: ಬಲಕ್ಕೆ ಒಂದೆರಡು ಡಿಗ್ರಿ ವಾಲಬೇಕಾದದ್ದು ಎಡಕ್ಕೇ ತುಸು ವಾಲಿದೆ.

ಸರಿಪಡಿಸಲು ಮೇಲಿನ ಎರಡು ಸ್ಟ್ರಟ್‌ಗಳನ್ನು (ಬೈಕಿಗೂ ಸೈಡ್‌ಕಾರಿಗೂ ನಡುವಿನ ಜೋಡಣೆ ಸರಳುಗಳನ್ನು) ಉದ್ದ ಮಾಡಬೇಕು. ಅವುಗಳ ಥ್ರೆಡ್ ನಮ್ಮ ಕರಾವಳಿಯ ಉಪ್ಪುಗಾಳಿಗೆ ಕಚ್ಚಿ ಹಿಡಿದಿದೆ, ಲಾಕ್‌ನಟ್ಟಿನ ಮೂಲೆಗಳೂ ಸವೆದು ಉರುಟಾಗಿವೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಎರಡು ದಿನ ಬಿಟ್ಟರೂ ಕದಲಲಿಲ್ಲ.

ಗ್ಯಾಸ್ ಟಾರ್ಚಿನಲ್ಲಿ ಬಿಸಿ ಮಾಡಿ ಬಿಚ್ಚಿದರೆ ಕಬ್ಬಿಣದ ಬಲ ಕುಗ್ಗೀತೇ? ಅಥವಾ ಲೇತ್‌ನಲ್ಲಿ ಹೊಸತು ಮಾಡಿಸುವುದೇ ಕ್ಷೇಮವೇ? ಕತ್ತರಿಸಿ ವೆಲ್ಡ್ ಮಾಡುವ ಸಲಹೆ ದಯವಿಟ್ಟು ಬೇಡ. ಓಡುವಾಗ ಆ ಜಾಯಿಂಟ್ ಬಿಟ್ಟರೆ ಬೈಕೇ ಮಗುಚುತ್ತದೆ. ಕಾಸರಗೋಡಿನಿಂದ ಮಂಗಳೂರಿನವರೆಗೆ ಈ ಕೆಲಸ ಬಲ್ಲ ಲೇತ್‌ನವರಿದ್ದರೆ ತಿಳಿಸಿ. ಅಲ್ಲಿಯವರೆಗೆ ಸೈಡ್‌ಕಾರಿನಲ್ಲಿ ಯಾರನ್ನೂ ಕೂರಿಸುವುದಿಲ್ಲ.