ಟಿಟ್ಟಿಭ ಹೊಟ್ಟೆ ಒದ್ದೆ ಮಾಡಿಕೊಂಡು ಬಂದು ಮೊಟ್ಟೆ ಮೇಲೆ ಕೂರುತ್ತಿದೆ, ಯಾಕೆ?

ರಾತ್ರಿಪಾಳಿ:

ನಾನು ಹಕ್ಕಿ ನೋಡುವ ಪೈಕಿಯವನಲ್ಲ, ಮೊದಲೇ ಹೇಳಿಬಿಡುತ್ತೇನೆ. ಬೆಳಗ್ಗೆ ಏಳಕ್ಕೆ ಕೆಲಸ ಮುಗಿಸಿ ಬಂದು ಮಲಗಿ, ಮಧ್ಯಾಹ್ನ ಏಳುವವನು. ಹಾಗಾಗಿ ಈ ಹಕ್ಕಿ ನನಗೆ ಮೊದಲು ಪರಿಚಯವಾದದ್ದು ವೈರಿಯಾಗಿ. ಕಿಟಕಿ ಕೆಳಗಿನ ಖಾಲಿ ಜಾಗದಲ್ಲಿ ಯಾರೋ ಸುರಿದುಹೋದ ಜಲ್ಲಿ ಹರಡಿಕೊಂಡು ಬಿದ್ದಿದೆ. ಅಲ್ಲಿಗೆ ನಾಯಿ ಬಂದರೆ ಕಿರುಚಾಟ, ಕಾಗೆ ಬಂದರೆ ಕಿರುಚಾಟ, ಏನೂ ಬರದಿದ್ದರೂ ನಡುವೆ ಒಮ್ಮೆ ಏನೋ ಜ್ಞಾಪಕ ಬಂದ ಹಾಗೆ ಕಿರುಚಾಟ.

ಮೂರನೇ ದಿನ ಸಿಟ್ಟಿನಲ್ಲಿ ಎದ್ದು ಕಿಟಕಿಗೆ ಹೋಗಿ ನಿಂತೆ. ಉದ್ದನೆಯ ಹಳದಿ ಕಾಲು, ಕಂದು ಬೆನ್ನು, ಕಪ್ಪು ಎದೆ, ಕಣ್ಣಿನ ಮುಂದೆ ಚಿಟಿಕೆ ಕುಂಕುಮ ಅಂಟಿಸಿದ ಹಾಗೆ ಕೆಂಪು ತೊಗಲು. ಕೆಂಪು ಟಿಟ್ಟಿಭ ಅಂತ ಆಮೇಲೆ ಗೊತ್ತಾಯಿತು. ಮಗಳ ಆಟದ ದುರ್ಬೀನು ಹಿಡಿದು ನೋಡಿದೆ. ಗೂಡು ಅನ್ನೋಕೆ ಅಲ್ಲೇನೂ ಇಲ್ಲ, ಜಲ್ಲಿಯಲ್ಲಿ ಸಾಸರಿನಷ್ಟು ತಗ್ಗು, ಅಷ್ಟೇ. ಅದರಲ್ಲಿ ಎರಡು ಮೊಟ್ಟೆ. ಹಕ್ಕಿ ಎಲ್ಲೋ ದೂರದಲ್ಲಿ ಅಡ್ಡಾಡಿಕೊಂಡಿತ್ತು, ಬಿಟ್ಟುಹೋಯಿತೇನೋ ಅಂದುಕೊಂಡೆ. ಇನ್ನೊಂದು ನಾಲ್ಕು ದಿನಕ್ಕೆ ಮೊಟ್ಟೆ ನಾಲ್ಕಾದವು. ಚೂಪು ತುದಿಗಳೆಲ್ಲ ಒಳಮುಖ, ಯಾರೋ ಕೂತು ಜೋಡಿಸಿಟ್ಟಂತೆ. ಅಲ್ಲಿಂದಾಚೆ ಎರಡರಲ್ಲಿ ಒಂದು ಹಕ್ಕಿ ಸದಾ ಮೊಟ್ಟೆ ಹತ್ತಿರವೇ ಇದೆ. ನಿದ್ದೆ ಹೇಗೂ ಇಲ್ಲ, ಬರೆದಿಡೋಣ ಅಂತ ಹಳೇ ಡೈರಿ ಒಂದನ್ನು ಕಿಟಕಿ ಪಕ್ಕ ಇಟ್ಟುಕೊಂಡಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ಬಿಸಿಲು ಏರಿದ ಮೇಲೆ, ಹೆಚ್ಚು ಕಡಿಮೆ 11 ಗಂಟೆಯಿಂದ, ಈ ಹಕ್ಕಿಗಳು ಒಂದು ವಿಚಿತ್ರ ಮಾಡುತ್ತವೆ. ಜಾಗದ ಆ ತುದಿಯಲ್ಲಿ ಪೈಪ್ ಸೋರಿ ಅಂಗೈಯಗಲ ನೀರು ನಿಂತಿದೆ. ಹಕ್ಕಿ ಅಲ್ಲಿಗೆ ಹೋಗಿ, ಕಾಲು ಮಡಿಸಿ ಕುಕ್ಕರಿಸಿ, ಹೊಟ್ಟೆಯನ್ನು ನೀರಿಗೆ ತಾಗಿಸಿ ಹಿಂದೆ ಮುಂದೆ ಅಲುಗಾಡುತ್ತದೆ. ಎದ್ದಾಗ ಹೊಟ್ಟೆಯ ಬಿಳಿ ಪುಕ್ಕ ಒದ್ದೆ ಬಟ್ಟೆಯ ಹಾಗೆ ಗಂಟುಗಂಟಾಗಿ ಜೋತಿರುತ್ತದೆ. ನೇರ ಗೂಡಿಗೆ ಬರುವುದಿಲ್ಲ. ಸ್ವಲ್ಪ ದೂರದಲ್ಲಿ ಇಳಿದು ನಾಲ್ಕು ಹೆಜ್ಜೆ ಓಡಿ ನಿಲ್ಲುತ್ತದೆ, ಬೇರೆ ಕಡೆ ನೋಡುತ್ತದೆ, ಸುಮ್ಮನೆ ನೆಲ ಕುಕ್ಕುತ್ತದೆ, ಮತ್ತೆ ನಾಲ್ಕು ಹೆಜ್ಜೆ. ಸಾಲ ಕೊಟ್ಟವನ ಮನೆ ಮುಂದೆ ಹಾದುಹೋಗುವವನ ನಡಿಗೆ. ಕೊನೆಗೆ ಮೊಟ್ಟೆ ಮೇಲೆ ನಿಂತು, ಹೊಟ್ಟೆಯ ಪುಕ್ಕ ಕೆದರಿಕೊಂಡು, ಆ ಕಡೆ ಈ ಕಡೆ ಒರಸಿದ ಹಾಗೆ ಕೂರುತ್ತದೆ. ಮೊನ್ನೆ 12ರಿಂದ 3ರ ತನಕ ಎರಡೂ ಸೇರಿ 11 ಸಲ ಹೀಗೆ ಮಾಡಿದವು.

ಮೊಟ್ಟೆಗೆ ಬೇಕಾದ್ದು ಶಾಖ ಅಂತ ತಾನೇ ನಾವು ಓದಿರುವುದು? ಒದ್ದೆಯಾದರೆ ಕೆಡುವುದಿಲ್ಲವೇ?

ಎರಡನೆಯದು ತಪ್ಪೊಪ್ಪಿಗೆ. ಪಾಪ ಅಷ್ಟು ದೂರ ಹೋಗುತ್ತದಲ್ಲ ಅಂತ ನಿನ್ನೆ ಮಧ್ಯಾಹ್ನ ಒಂದು ನೀಲಿ ಬೇಸಿನ್ನಿನಲ್ಲಿ ನೀರು ತುಂಬಿ ಗೂಡಿನಿಂದ ಐದು ಹೆಜ್ಜೆ ದೂರದಲ್ಲಿಟ್ಟು ಬಂದೆ. ಎರಡೂ ನನ್ನ ತಲೆ ಮೇಲೆ ಸುತ್ತು ಹಾಕಿ ಬೈದವು. ನಾನು ಒಳಗೆ ಬಂದ ಮೇಲೂ 35 ನಿಮಿಷ ಗೂಡಿನ ಹತ್ತಿರ ಸುಳಿಯಲಿಲ್ಲ. ಮೊಟ್ಟೆ ಸುಡುಬಿಸಿಲಲ್ಲಿ. ಗಾಬರಿಯಾಗಿ ಹೋಗಿ ಬೇಸಿನ್ ಎತ್ತಿಕೊಂಡು ಬಂದೆ, ಆಮೇಲೂ 10 ನಿಮಿಷ ತಗೊಂಡವು. ಮೊಟ್ಟೆ ಉಳಿದಿರುತ್ತವೆಯೇ? ನೆರಳಿಗೆ ಒಂದು ಛತ್ರಿ ನೆಡಬಹುದೇ?

ಕೆರೆ ಏರಿ:

ಛತ್ರಿ ಬೇಡ. ನೀಲಿ ಬೇಸಿನ್ನಿಗೇ ಅಷ್ಟು ಹೊತ್ತು ಹೆದರಿದವು, ಗಾಳಿಗೆ ಪಟಪಟ ಅನ್ನುವ ಛತ್ರಿಯ ಕೆಳಗೆ ಕೂರುತ್ತವೆಯೇ? ಇನ್ನೊಂದು ವಿಷಯ, ಬಯಲಲ್ಲಿ ಹೊಸದಾಗಿ ಏನು ಎದ್ದು ನಿಂತರೂ ಕಾಗೆ ಬಂದು ವಿಚಾರಿಸಿಕೊಂಡು ಹೋಗುತ್ತದೆ.

ನೀವು ನೋಡಿರುವುದು ಮೊಟ್ಟೆ ತಂಪು ಮಾಡುವ ಕೆಲಸ. ಕಾವು ಅಂದರೆ ಶಾಖ ಕೊಡುವುದು ಮಾತ್ರವಲ್ಲ ಸಾರ್, ಶಾಖವನ್ನು ಹದದಲ್ಲಿ ಇಡುವುದು. ಹಕ್ಕಿಯ ಭ್ರೂಣ ಚೆನ್ನಾಗಿ ಬೆಳೆಯುವುದು 37-38 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಸ್ವಲ್ಪ ಹೊತ್ತು ತಣ್ಣಗಾದರೆ ಬೆಳವಣಿಗೆ ನಿಧಾನವಾಗುತ್ತದೆ, ಮತ್ತೆ ಬೆಚ್ಚಗಾದಾಗ ಮುಂದುವರಿಯುತ್ತದೆ. ಆದರೆ 40 ಡಿಗ್ರಿ ದಾಟಿ ಕಾದರೆ ಬಹಳ ಹೊತ್ತು ತಡೆಯುವುದಿಲ್ಲ. ಚಳಿಗಿಂತ ಬಿಸಿಲೇ ಮೊಟ್ಟೆಗೆ ದೊಡ್ಡ ಶತ್ರು. ಮಧ್ಯಾಹ್ನದ ಜಲ್ಲಿಯ ಮೇಲೆ ನೀವು ಬರಿಗಾಲಲ್ಲಿ ನಿಲ್ಲಲಾರಿರಿ, ಮೊಟ್ಟೆ ಮಲಗಿರುವುದು ಅದರ ಮೇಲೆ. ಅದಕ್ಕೇ ಬಿಸಿಲಲ್ಲಿ ಹಕ್ಕಿ ಎಷ್ಟೋ ಹೊತ್ತು ಕೂರದೆ ಮೊಟ್ಟೆ ಮೇಲೆ ನಿಂತಿರುತ್ತದೆ, ಗಮನಿಸಿ. ಅದು ಕಾವಲ್ಲ, ನೆರಳು. ಒದ್ದೆ ಪುಕ್ಕದ ನೀರು ಆವಿಯಾಗುವಾಗ ಮೊಟ್ಟೆಯ ಶಾಖವನ್ನು ಎಳೆದುಕೊಳ್ಳುತ್ತದೆ, ಮಣ್ಣಿನ ಹೂಜಿಯಲ್ಲಿ ನೀರು ತಂಪಾಗುವ ಹಾಗೆ. ಬಿಸಿಲುನಾಡಿನ ಬಯಲಲ್ಲಿ ಮೊಟ್ಟೆ ಇಡುವ ಹಲವು ಟಿಟ್ಟಿಭ, ಅವುಗಳ ನಂಟಿನ ಪ್ಲೋವರ್ ಜಾತಿಗಳಿಗೂ, ನೀರಿನ ಮೇಲೆ ಹಾರಾಡಿ ಮೀನು ಹಿಡಿಯುವ ಕೆಲವು ರೀವಗಳಿಗೂ (ಟರ್ನ್) ಈ ಅಭ್ಯಾಸ ಇದೆ.

ಮೊದಲ ಎರಡು ಮೊಟ್ಟೆಗೆ ಹಕ್ಕಿ ಕೂರದೆ ಇದ್ದದ್ದಕ್ಕೂ ಕಾರಣ ಇದೆ. ಪೂರ್ತಿ ಕಾವು ಶುರುವಾಗುವುದು ಎಲ್ಲ ಮೊಟ್ಟೆ ಇಟ್ಟ ಮೇಲೆ. ಆಗ ಮರಿಗಳು ಹೆಚ್ಚು ಕಡಿಮೆ ಒಟ್ಟಿಗೇ ಒಡೆದು ಬರುತ್ತವೆ. ನಾಲ್ಕನೇ ಮೊಟ್ಟೆ ಕಂಡ ದಿನದಿಂದ 28-30 ದಿನ ಎಣಿಸಿ. ನಿನ್ನೆಯ 45 ನಿಮಿಷದಿಂದ ಏನಾಯಿತು ಎನ್ನುವುದು ಆಗಲೇ ತಿಳಿಯುವುದು.

ಹಳೇ ಜೋಳಿಗೆ:

ಒಂದು ತಕರಾರು. ಬಿಸಿಲಿಗೆ ಹಕ್ಕಿ ಸ್ನಾನ ಮಾಡಿ ಬಂದು ಕೂತರೂ ಹೊಟ್ಟೆ ಒದ್ದೆಯೇ ಇರುತ್ತದೆ. ಸೆಕೆಯಾಗುತ್ತಿರುವುದು ಕೂತಿರುವ ಹಕ್ಕಿಗೂ ಹೌದಲ್ಲ? ಮೊಟ್ಟೆಗೋಸ್ಕರವೇ ಅಂತ ಹೇಗೆ ಹೇಳುತ್ತೀರಿ? ನಾವು ನೋಡಿದ್ದಕ್ಕೆಲ್ಲ ತಾಯಿಪ್ರೀತಿಯ ಕಥೆ ಕಟ್ಟಿಬಿಡುತ್ತೇವೆ. ರಾತ್ರಿಪಾಳಿಯವರೇ, ತಲೆ ಮುಳುಗಿಸುತ್ತದೆಯೇ, ರೆಕ್ಕೆ ಬಡಿಯುತ್ತದೆಯೇ, ಆಮೇಲೆ ಕೊಕ್ಕಿನಿಂದ ಪುಕ್ಕ ತೀಡಿಕೊಳ್ಳುತ್ತದೆಯೇ, ಇಷ್ಟು ನೋಡಿ ಹೇಳಿ.

ರಾತ್ರಿಪಾಳಿ:

ನಾಲ್ಕು ದಿನ ಇದನ್ನೇ ನೋಡಿದೆ. ಸಂಜೆ ಐದೂವರೆ ಹೊತ್ತಿಗೆ ಒಂದು ಹಕ್ಕಿ ಅದೇ ನೀರಿನಲ್ಲಿ ನಿಜವಾದ ಸ್ನಾನ ಮಾಡಿತು. ತಲೆ ಅದ್ದಿ ಬೆನ್ನಿಗೆ ನೀರು ಎರಚಿಕೊಂಡು, ರೆಕ್ಕೆ ಬಡಿದು, ಹೊರಗೆ ಬಂದು ಮೈ ಕೊಡವಿ, ಕಾಲು ಗಂಟೆ ಕೊಕ್ಕಿನಿಂದ ತೀಡಿಕೊಂಡಿತು. ಮಧ್ಯಾಹ್ನದ್ದು ಹಾಗಲ್ಲ. ಬೆನ್ನು ಒಣ, ತಲೆ ಒಣ, ಕೆಳಗೆ ಮಾತ್ರ ನೀರು. ತೀಡಿಕೊಳ್ಳುವುದಿಲ್ಲ, ಕೊಡವುವುದೂ ಇಲ್ಲ. ನೀರು ಉದುರಿಸಿಕೊಳ್ಳಬಾರದು ಅನ್ನುವಂತೆ ಬರುತ್ತದೆ. ಕೂತ ಹಕ್ಕಿ ಬಾಯಿ ತೆರೆದು ಗಂಟಲು ಬಡಿಯುತ್ತಾ ಏದುಸಿರು ಬಿಡುವುದೂ ಕಂಡಿತು, ಅದಕ್ಕೂ ಸೆಕೆ ಇದೆ, ಒಪ್ಪಿದೆ. ಬುಧವಾರ ಮೋಡ ಮುಚ್ಚಿತ್ತು. ಅವತ್ತು ಒಂದು ಸಲವೂ ನೀರಿಗೆ ಹೋಗಲಿಲ್ಲ.

ಆಟದ ದುರ್ಬೀನು ಬಿಟ್ಟು, ಜೊತೆಯಲ್ಲಿ ಕೆಲಸ ಮಾಡುವವರ 8x42 ಎರವಲು ತಂದಿದ್ದೇನೆ. ಹಕ್ಕಿಯ ಕಣ್ಣಿನ ರೆಪ್ಪೆ ಮುಚ್ಚುವುದೂ ಕಾಣುತ್ತದೆ. ಇದನ್ನು ವಾಪಸ್ ಕೊಡುವುದು ಕಷ್ಟ.

ಹಳೇ ಜೋಳಿಗೆ:

ಸರಿ, ಸ್ನಾನ ಅಲ್ಲ ಅಂತ ಒಪ್ಪುತ್ತೇನೆ. ತನಗೂ ತಂಪು, ಮೊಟ್ಟೆಗೂ ತಂಪು ಅಂತ ಬರೆದುಕೊಳ್ಳಿ. ತಾನು ಸೆಕೆ ತಡೆದುಕೊಂಡರೆ ತಾನೇ ಅದು ಗೂಡಿನಲ್ಲಿ ಉಳಿಯುವುದು. ಪುಕ್ಕದಲ್ಲಿ ನೀರು ಹೊರುವುದರಲ್ಲಿ ಇದಕ್ಕಿಂತ ಗಟ್ಟಿಗ ಇನ್ನೊಂದಿದೆ. ಸ್ಯಾಂಡ್‌ಗ್ರೌಸ್ ಅನ್ನುವ ಒಣನೆಲದ ಹಕ್ಕಿಯ ಗಂಡು ಹೊಟ್ಟೆಯ ಪುಕ್ಕದಲ್ಲಿ ನೀರು ಹೀರಿಕೊಂಡು ಬಹಳ ದೂರ ಹಾರಿಬಂದು ಮರಿಗಳಿಗೆ ಕುಡಿಸುತ್ತದೆ. ಮೀಡ್-ವಾಲ್ಡೊ ಎಂಬವರು 1896ರಲ್ಲೇ ಇದನ್ನು ಬರೆದರು. ಬಹಳಷ್ಟು ಜನ ನಂಬಲಿಲ್ಲ. 1967ರಲ್ಲಿ ಕೇಡ್ ಮತ್ತು ಮೆಕ್ಲೀನ್ ಎಂಬ ವಿಜ್ಞಾನಿಗಳು ಆ ಪುಕ್ಕವನ್ನೇ ಪರೀಕ್ಷಿಸಿ ತೋರಿಸುವ ತನಕ ಅನುಮಾನ ಹೋಗಲಿಲ್ಲ. ನಾನು ತಕರಾರು ತೆಗೆಯುವುದು ಕೆಟ್ಟ ಬುದ್ಧಿಯಿಂದಲ್ಲ ಅಂತ ಹೇಳೋಕೆ ಇಷ್ಟು ಬರೆದೆ.

ಗದ್ದೆಬದು:

ಹೆಜ್ಜೆ ಹೆಜ್ಜೆಗೂ ನಿಂತು ಬರುವ ಆ ನಡಿಗೆ ಬಗ್ಗೆ ಯಾರೂ ಹೇಳಲಿಲ್ಲ. ನನಗೆ ಅದೇ ಹೆಚ್ಚು ಇಷ್ಟ. ಗೂಡಿನ ಜಾಗ ತೋರಿಸಿಕೊಡದೆ ಗೂಡು ಸೇರುವ ಉಪಾಯ ಅದು. ಇನ್ನೂ ಒಂದು ಮಾಡುತ್ತದೆ: ನೀವು ದೂರದಲ್ಲಿ ಕಂಡ ಕೂಡಲೇ ಸದ್ದಿಲ್ಲದೆ ಎದ್ದು, ತಲೆ ತಗ್ಗಿಸಿ ಓಡಿ, ಹತ್ತಿಪ್ಪತ್ತು ಮಾರು ಆಚೆ ಹೋಗಿ ಬರೀ ನೆಲದ ಮೇಲೆ ಕಾವು ಕೂತ ಹಾಗೆ ಕೂತುಬಿಡುತ್ತದೆ. ನಾನು ಒಮ್ಮೆ ಅರ್ಧ ಗಂಟೆ ಆ ಇಲ್ಲದ ಮೊಟ್ಟೆಗೆ ಕಾದು ಕೂತಿದ್ದೆ.

ನಾಯಿಯ ಮುಂದೆ ರೆಕ್ಕೆ ಮುರಿದ ಹಾಗೆ ಎಳೆದುಕೊಂಡು ಹೋಗುವುದನ್ನೂ ನೋಡಿದ್ದೇನೆ. ನಾಯಿ ಹಿಂದೆಯೇ ಹೋಗುತ್ತದೆ, ಸಾಕಷ್ಟು ದೂರವಾದ ಮೇಲೆ ಹಕ್ಕಿ ಹಾರುತ್ತದೆ. ಮೇಯುವ ಹಸುವಿನ ಎದುರು ಮಾತ್ರ ಆ ನಾಟಕ ಇಲ್ಲ. ಹಸುವಿಗೆ ಹಕ್ಕಿ ಬೇಕಿಲ್ಲ, ಅದರ ಗೊರಸಿನದೇ ಭಯ. ಅಲ್ಲಿ ಗೂಡಿನ ಮುಂದೆಯೇ ಎರಡೂ ರೆಕ್ಕೆ ಅಗಲಿಸಿ ನಿಂತು ಮೂತಿಗೆ ಮೂತಿ ಕೊಟ್ಟು ಕಿರುಚುತ್ತದೆ. ಹಸು ಪಕ್ಕಕ್ಕೆ ತಿರುಗಿತು.

ಕಂಡ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ಜಾಲತಾಣಕ್ಕೆ ಹಾಕುವುದಿದ್ದರೆ ಬರೀ ಎರಡು ಹಕ್ಕಿ ಅಂತ ಹಾಕಬೇಡಿ, ಗೂಡು-ಮರಿಯ ಸುಳಿವು ಹೇಳುವ ಬ್ರೀಡಿಂಗ್ ಕೋಡ್ ತುಂಬಿ. ಮೊಟ್ಟೆ ಇರುವ ಗೂಡಿಗೆ ಎನ್‌ಇ, ರೆಕ್ಕೆ ಮುರಿದ ನಾಟಕ ಕಂಡರೆ ಡಿಡಿ. ಹೊಟ್ಟೆ ಒದ್ದೆ ಮಾಡಿಕೊಂಡದ್ದನ್ನು ಸಮಯದ ಸಮೇತ ಟಿಪ್ಪಣಿಯಲ್ಲಿ ಬರೆಯಿರಿ. ಗೂಡಿನ ಗುರುತು ಸಿಗುವ ಫೋಟೋ ಮಾತ್ರ ಮರಿ ಹೊರಡುವ ತನಕ ಎಲ್ಲೂ ಹಾಕಬೇಡಿ.

ಮರಿ ಒಡೆಯುವ ದಿನ ಚಿಪ್ಪಿನ ಕಡೆ ಕಣ್ಣಿಡಿ. ಹೊತ್ತುಕೊಂಡು ಹೋಗಿ ದೂರ ಹಾಕುತ್ತದೆ. ಹೊರಮೈ ಕಲ್ಲಿನ ಬಣ್ಣವಾದರೂ ಒಡೆದ ಚಿಪ್ಪಿನ ಒಳಗು ಬಿಳಿ, ಕಾಗೆಯ ಕಣ್ಣಿಗೆ ಬೀಳುತ್ತದೆ. ಪ್ರಾಣಿಗಳ ವರ್ತನೆ ಅಧ್ಯಯನ ಮಾಡಿದ ವಿಜ್ಞಾನಿ ನಿಕೊ ಟಿನ್‌ಬರ್ಗನ್ ಕಡಲಕ್ಕಿಗಳ ಮೊಟ್ಟೆಯ ಪಕ್ಕ ಚಿಪ್ಪಿಟ್ಟು ಪರೀಕ್ಷೆ ಮಾಡಿ, 1962ರಲ್ಲಿ ಪ್ರಕಟಿಸಿದ್ದು ಇದನ್ನೇ. ಚಿಪ್ಪು ಹತ್ತಿರ ಬಿದ್ದಷ್ಟೂ ಮೊಟ್ಟೆ ಕಳ್ಳರ ಪಾಲಾಗುವುದು ಹೆಚ್ಚು.

ರಾತ್ರಿಪಾಳಿ:

ಬರೆಯಲು ತಡವಾಯಿತು, ಕ್ಷಮಿಸಿ.

29ನೇ ದಿನ ಬೆಳಗ್ಗೆ ಕೆಲಸದಿಂದ ಬಂದವನು ಚಪ್ಪಲಿಯನ್ನೂ ಬಿಡದೆ ಕಿಟಕಿಗೆ ಹೋದೆ. ಹಕ್ಕಿ ಕೂತಿದ್ದ ರೀತಿಯೇ ಬೇರೆ, ಎದೆ ಸ್ವಲ್ಪ ಎತ್ತಿಕೊಂಡು, ಆಗಾಗ ತಲೆ ಬಗ್ಗಿಸಿ ಕೆಳಗೆ ನೋಡಿಕೊಳ್ಳುತ್ತಿತ್ತು. 8.20ಕ್ಕೆ ಎದ್ದು ಕೊಕ್ಕಿನಲ್ಲಿ ಅರ್ಧ ಚಿಪ್ಪು ಕಚ್ಚಿಕೊಂಡು ಆ ಪೈಪಿನಾಚೆಗೆ ಹಾರಿತು. ಗದ್ದೆಬದು ಅವರು ಹೇಳದೇ ಇದ್ದಿದ್ದರೆ ತನ್ನ ಮೊಟ್ಟೆಯನ್ನು ತಾನೇ ತಿನ್ನುತ್ತಿದೆ ಅಂದುಕೊಳ್ಳುತ್ತಿದ್ದೆ. ಮಧ್ಯಾಹ್ನದೊಳಗೆ ಮೂರು ಮರಿ. ಮೈಗಿಂತ ಕಾಲೇ ಉದ್ದ, ಬೆನ್ನ ಮೇಲೆ ಜಲ್ಲಿಪುಡಿ ಚೆಲ್ಲಿದ ಹಾಗೆ ಚುಕ್ಕಿ. ಮೈ ಒಣಗಿದ್ದೇ ತಡ ಎದ್ದು ಓಡಾಡಿದವು. ಯಾರೂ ಬಾಯಿಗೆ ಏನೂ ಇಡಲಿಲ್ಲ, ತಾವೇ ನೆಲ ಕುಕ್ಕತೊಡಗಿದವು. ದೊಡ್ಡದು ಒಂದು ಸಲ ಟೀ ಅಂದರೆ ಮೂರೂ ಇದ್ದಲ್ಲೇ ಚಪ್ಪಟೆ. ದುರ್ಬೀನು ಅದೇ ಜಾಗಕ್ಕೆ ಹಿಡಿದಿದ್ದರೂ ನನಗೆ ಎರಡೇ ಸಿಕ್ಕವು. ಬಿಸಿಲು ಏರಿದಾಗ ದೊಡ್ಡದು ನೀರಿಗೆ ಹೋಗಿ ಹೊಟ್ಟೆ ತೋಯಿಸಿಕೊಂಡು ಬಂದು ಕೂತಿತು. ಮೂರೂ ಅದರಡಿ ತೂರಿಕೊಂಡವು, ಹೊರಗೆ ಕಾಲುಗಳು ಮಾತ್ರ.

ನಾಲ್ಕನೇ ಮೊಟ್ಟೆ ಒಡೆಯಲಿಲ್ಲ. ಮರುದಿನ ಬೆಳಗಿನ ತನಕ ಒಂದು ಹಕ್ಕಿ ಅದರ ಮೇಲೆ ಕೂತೇ ಇತ್ತು. ಮರಿಗಳು ದೂರ ಹೋದ ಹಾಗೆ ಎದ್ದು ಹೋಗಿ ಬಂದು ಮಾಡಿತು, ಹತ್ತು ಗಂಟೆ ಮೇಲೆ ಬರಲಿಲ್ಲ. ನನ್ನ ಬೇಸಿನ್ನಿನ ಲೆಕ್ಕವೇ ಅದು ಅಂತ ಮನಸ್ಸಿನಲ್ಲಿದೆ.

ಕೆರೆ ಏರಿ:

ನಾಲ್ಕಕ್ಕೆ ಮೂರು ತುಂಬಾ ಒಳ್ಳೆಯದು. ಜೀವ ಕಟ್ಟದ ಮೊಟ್ಟೆಯೂ ಇರುತ್ತದೆ, ಬೇಸಿನ್ ಇಲ್ಲದಿದ್ದರೂ ಆಗುತ್ತಿತ್ತೇನೋ. ಹಾಗಂತ ನಿಮ್ಮನ್ನು ಪೂರ್ತಿ ಬಿಟ್ಟುಬಿಡುವುದೂ ನನ್ನ ಕೈಲಾಗದು! ಅದನ್ನು ಮುಟ್ಟಬೇಡಿ, ಅಲ್ಲೇ ಇರಲಿ.

ರಾತ್ರಿಪಾಳಿ:

ಅಲ್ಲೇ ಇದೆ. ಇವತ್ತಿಗೆ ಮೂರನೇ ದಿನ. ಮಧ್ಯಾಹ್ನ ಕಾಗೆ ಬಂತು, ಓಡಿಸುವವರು ಯಾರೂ ಇಲ್ಲ. ಜಲ್ಲಿಯ ಮೇಲೆ ಉದ್ದಕ್ಕೂ ಕುಪ್ಪಳಿಸಿಕೊಂಡು, ಒಂದು ಬಾಟಲಿ ಮುಚ್ಚಳ ಎತ್ತಿ ನೋಡಿ ಬಿಸಾಡಿ, ಮೊಟ್ಟೆಯಿಂದ ಒಂದು ಗೇಣು ದೂರದಲ್ಲಿ ನಿಂತು ಕೊಕ್ಕು ಒರಸಿಕೊಂಡಿತು. ಆ ಕಡೆಗೇ ತಲೆ ಓರೆ ಮಾಡಿ ನೋಡಿತು ಕೂಡ. ಆಮೇಲೆ ಹಾರಿಹೋಯಿತು.