ಒಂಟಿಯಾಗಿ ಬಿಟ್ಟಾಗ ಬೊಗಳುವ ನಾಯಿಮರಿ: ಪರಿಹಾರ ತಿಳಿಸಿ

ಬೆಲ್ಲದಮನೆ:
ನಾವು ವಿಜಯನಗರದಲ್ಲಿ ಮೊದಲ ಮಹಡಿಯ ಬಾಡಿಗೆ ಮನೆಯಲ್ಲಿದ್ದೇವೆ. ನಮ್ಮ ಬೀದಿಯಲ್ಲೇ ಹುಟ್ಟಿದ ಹೆಣ್ಣುಮರಿಯೊಂದನ್ನು ಎರಡು ತಿಂಗಳ ಹಿಂದೆ ತಂದು ಸಾಕಿಕೊಂಡೆವು. ಹೆಸರು ಬೆಲ್ಲ, ಈಗ ನಾಲ್ಕು ತಿಂಗಳು ತುಂಬಿದೆ. ಪತ್ನಿ ಮನೆಯಿಂದಲೇ ಕೆಲಸ ಮಾಡುತ್ತಿದ್ದುದರಿಂದ ಮರಿ ಒಂಟಿಯಾಗಿ ಇದ್ದದ್ದೇ ಇಲ್ಲ. ಈಗ ಅವರೂ ವಾರಕ್ಕೆ ಮೂರು ದಿನ ಕಚೇರಿಗೆ ಹೋಗಬೇಕಾಗಿದ್ದು, ಆ ದಿನಗಳಲ್ಲಿ ಬೆಳಗ್ಗೆ 8.30ರಿಂದ ನನ್ನ ತಾಯಿ ಬರುವ ಮಧ್ಯಾಹ್ನ 1 ಗಂಟೆಯವರೆಗೆ ಬೆಲ್ಲ ಒಬ್ಬಳೇ ಇರುತ್ತಾಳೆ. ಅಷ್ಟು ಹೊತ್ತೂ ಒಂದೇ ಸಮನೆ ಬೊಗಳುತ್ತಾಳೆಂದು ಕೆಳಮನೆಯ ಮಾಲೀಕರು ಎರಡು ಸಲ ಹೇಳಿದ್ದಾರೆ. ಗದರಿದ್ದಾಯಿತು, ಟಿವಿ ಹಾಕಿಟ್ಟು ಹೋಗಿದ್ದಾಯಿತು. ಅಡುಗೆಮನೆಯಲ್ಲಿ ಕೂಡಿಹಾಕಿದ ದಿನ ಬಾಗಿಲು ಕೆರೆದು ಉಗುರಿನಲ್ಲಿ ರಕ್ತ ಬರಿಸಿಕೊಂಡಿದ್ದಳು. ಮುಂದೇನು ಮಾಡಬೇಕೆಂದು ತೋಚುತ್ತಿಲ್ಲ.

ಮೂರುನಾಯಿ:
ಕೂಡಿಹಾಕುವುದನ್ನು ಇಂದೇ ನಿಲ್ಲಿಸಿ. ಹಳೆಯ ಫೋನೊಂದನ್ನು ಕಪಾಟಿನ ಮೇಲಿಟ್ಟು ಒಂದು ದಿನ ಪೂರ್ತಿ ಚಿತ್ರೀಕರಿಸಿ, ಯಾವ ಹೊತ್ತಿಗೆ ಬೊಗಳುತ್ತದೆ, ಆಗ ಮರಿ ಎಲ್ಲಿ ನಿಂತಿರುತ್ತದೆ ಎಂಬುದನ್ನು ಬರೆಯಿರಿ. ಮಾಲೀಕರು ಸುಳ್ಳು ಹೇಳುತ್ತಿದ್ದಾರೆ ಎಂದಲ್ಲ, ಆದರೆ ಕೆಳಗಿನ ಮನೆಯಲ್ಲಿ ಕುಳಿತವರಿಗೆ ಎಲ್ಲ ಬೊಗಳೂ ಒಂದೇ ಆಗಿ ಕೇಳಿಸುತ್ತದೆ.

ಬೆಲ್ಲದಮನೆ:
ಚಿತ್ರೀಕರಿಸಿ ನೋಡಿದೆ, ಆಶ್ಚರ್ಯವಾಯಿತು. ನಾವು ಬಾಗಿಲು ಹಾಕಿದಾಗ ಅವಳು ಸುಮ್ಮನೇ ನಿಂತಿದ್ದಳು. ಕೆಳಗೆ ಸ್ಕೂಟರ್ ಶುರುವಾದ ಸದ್ದು ಕೇಳಿದ ಮೇಲೆಯೇ ಕುಂಯ್‌ಗುಡುತ್ತಾ ಬಾಗಿಲಿಗೂ ಸೋಫಾಕ್ಕೂ ಓಡಾಡಿ, ಕತ್ತೆತ್ತಿ ಊಳಿಟ್ಟಳು. ಇದು ಸುಮಾರು 25 ನಿಮಿಷ ನಡೆಯಿತು. ಆಮೇಲೆ ನನ್ನ ಹಳೆಯ ಚಪ್ಪಲಿಯ ಮೇಲೆ ಗದ್ದವಿಟ್ಟು ಮಲಗಿಬಿಟ್ಟಳು. ಸುಮಾರು ಹತ್ತು ಗಂಟೆಗೆ ಸೊಪ್ಪಿನ ಗಾಡಿಯವರ ಕೂಗು ಕೇಳಿದ್ದೇ ದಿವಾನದ ಮೇಲೆ ಹಾರಿ, ಕಿಟಕಿಗೆ ಮುಂಗಾಲೂರಿ ಬೊಗಳಲಾರಂಭಿಸಿದಳು, ಬೀದಿನಾಯಿಗಳೂ ದನಿಗೂಡಿಸಿದವು. ಆಗಾಗ ಸುಮ್ಮನಾದರೂ ಮಧ್ಯಾಹ್ನದವರೆಗೆ ಕಿಟಕಿ ಬಿಟ್ಟು ಇಳಿಯಲಿಲ್ಲ.

ಮೂರುನಾಯಿ:
ಹಾಗಾದರೆ ನಿಮ್ಮ ಮನೆಯಲ್ಲಿರುವುದು ಒಂದಲ್ಲ, ಎರಡು ಸಮಸ್ಯೆಗಳು. ಕಿಟಕಿಯದ್ದು ಸುಲಭ: ದಿವಾನವನ್ನು ಆಚೆ ಸರಿಸಿ, ಕಿಟಕಿಯ ಕೆಳಗಿನ ಅರ್ಧಕ್ಕೆ ಕಾಗದ ಅಂಟಿಸಿ. ದಾರಿಹೋಕರು ಹೇಗೂ ಮುಂದೆ ಸಾಗುತ್ತಾರೆ; ತಾನು ಬೊಗಳಿದ್ದರಿಂದಲೇ ಅವರು ಹೋದರೆಂದು ಮರಿ ತಿಳಿಯುವುದರಿಂದ ಈ ಅಭ್ಯಾಸ ದಿನೇ ದಿನೇ ಬಲಿಯುತ್ತದೆ.

ಮೊದಲ 25 ನಿಮಿಷದ್ದು ಭಯ, ಹಟವಲ್ಲ. ಗಂಟೆಗಳ ನಂತರ ಮನೆಗೆ ಬಂದು ಗದರಿದರೆ ಮರಿಗೆ ಕಾರಣ ತಿಳಿಯದು. ನೀವು ಬರುವುದಕ್ಕೂ ಹೆದರುವುದನ್ನು ಕಲಿಯುತ್ತದೆ, ಅಷ್ಟೇ. ಕೀಲಿ ಗೊಂಚಲು, ಹೆಲ್ಮೆಟ್, ಸ್ಕೂಟರ್ ಸದ್ದು, ಇವೆಲ್ಲ ಅದಕ್ಕೆ ನೀವು ಹೊರಡುವ ಸೂಚನೆಗಳು. ಆದ್ದರಿಂದ ದಿನಕ್ಕೆ ನಾಲ್ಕಾರು ಬಾರಿ ಕೀಲಿ ಹಿಡಿದು ಸೋಫಾದಲ್ಲಿ ಕೂರಿ, ಹೆಲ್ಮೆಟ್ ಹಾಕಿಕೊಂಡು ಹಾಲು ಕಾಯಿಸಿ (ಅತ್ತೆ ಮಾವ ಬಂದಿದ್ದಾಗ ಬೇಡ), ಸ್ಕೂಟರನ್ನು ಶುರುಮಾಡಿ ಆರಿಸಿ ಮೇಲೆ ಬನ್ನಿ. ಜೊತೆಗೆ ಬಾಗಿಲಾಚೆ ಹತ್ತು ಸೆಕೆಂಡು ನಿಂತು ಒಳಬರುವುದರಿಂದ ಆರಂಭಿಸಿ, ಮರಿ ನಿರಾಳವಾಗಿದ್ದರಷ್ಟೇ ಅರ್ಧ ನಿಮಿಷ, ಎರಡು ನಿಮಿಷ, ಐದು ನಿಮಿಷ ಎಂದು ಹೆಚ್ಚಿಸಿ. ನಡುನಡುವೆ ಅವಧಿಯನ್ನು ತಗ್ಗಿಸಿ. ಕುಂಯ್‌ಗುಟ್ಟಿದರೆ ನೀವು ಅವಸರಪಟ್ಟಿದ್ದೀರಿ ಎಂದರ್ಥ. ಈ ತರಬೇತಿ ನಡೆಯುವಷ್ಟು ದಿನ ಮರಿಯನ್ನು ಅದು ತಾಳುವುದಕ್ಕಿಂತ ಹೆಚ್ಚು ಹೊತ್ತು ಒಂಟಿಯಾಗಿ ಬಿಡಲೇಬಾರದು. ಬಿಟ್ಟರೆ ಸಂಜೆ ಕಲಿಸಿದ್ದು ಮರುದಿನ ಬೆಳಗ್ಗೆ ಅಳಿಸಿಹೋಗುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ನಿಮ್ಮ ತಾಯಿಯವರನ್ನು ಕೆಲವು ವಾರ ಬೆಳಗ್ಗೆಯೇ ಬರುವಂತೆ ಕೇಳಿಕೊಳ್ಳಿ.

ಉಪ್ಪು, ಒಗ್ಗರಣೆ ಇಲ್ಲದ ಮೊಸರನ್ನವನ್ನು ಟೊಳ್ಳು ರಬ್ಬರ್ ಆಟಿಕೆಯಲ್ಲಿ ತುಂಬಿ ಫ್ರೀಜರಿನಲ್ಲಿಟ್ಟು, ಹೊರಡುವಾಗ ಕೊಡಿ. ಈರುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ನೀವು ಹೋದ ಮೇಲೆ ಮರಿ ಆ ಮೊಸರನ್ನದ ಆಟಿಕೆಯನ್ನು ಮುಟ್ಟದಿದ್ದರೆ ಭಯ ಇನ್ನೂ ಜಾಸ್ತಿಯಿದೆ ಎಂದು ತಿಳಿಯಿರಿ.

ಹನುಮಂತನಗರ:
ಬೊಗಳಿದರೆ ವಾಸನೆ ಚಿಮ್ಮಿಸುವ ಕೊರಳಪಟ್ಟಿ ಸಿಗುತ್ತದೆ. ಅದನ್ನು ಹಾಕಿದರೆ ಎರಡೇ ದಿನದಲ್ಲಿ ಮುಗಿಯುತ್ತದಲ್ಲವೇ? ಇಲ್ಲವಾದರೆ ಮಾಲೀಕರಿಗೆ ಕಾನೂನು ಹೇಳಿ.

ಮೂರುನಾಯಿ:
ಭಯದಿಂದ ಕೂಗುವ ಮರಿಗೆ ಆ ಪಟ್ಟಿ ಇನ್ನೊಂದು ಭಯವನ್ನು ಸೇರಿಸುತ್ತದೆ. ದನಿ ಅಡಗಬಹುದು, ಬಾಗಿಲು ಕೆರೆಯುವುದು ಅಡಗದು. ಕಾನೂನಿನ ಮಾತಿಗೆ ಬಂದರೆ, ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯು ನಾಯಿ ಬೊಗಳುವುದು ಸಹಜವೆನ್ನುತ್ತದೆ. ನೆರೆಯವರಿಗೆ ತೊಂದರೆಯಾಗದಂತೆ ನೋಡಿಕೊಳ್ಳಿ ಎಂದು ಸಾಕಿದವರಿಗೂ ಹೇಳುತ್ತದೆ. ಅದನ್ನು ಮಾಲೀಕರ ಮುಂದೆ ಹಿಡಿಯುವ ಬದಲು ನಿಮ್ಮ ಚಿತ್ರೀಕರಣವನ್ನು ತೋರಿಸಿ. ಇನ್ನೂ ಉಗುರು ಕಿತ್ತುಕೊಳ್ಳುತ್ತಿದ್ದರೆ ಪಶುವೈದ್ಯರಲ್ಲಿಗೆ ಹೋಗಿ. ಅಗತ್ಯವಿದ್ದರೆ ಅವರು ಔಷಧಿಯನ್ನೂ ಕೊಡುತ್ತಾರೆ.

ಬೆಲ್ಲದಮನೆ:
ಐದು ವಾರದ ನಂತರ ಬರೆಯುತ್ತಿದ್ದೇನೆ. ಕಾಗದ ಅಂಟಿಸಿದ ನಾಲ್ಕನೆಯ ದಿನಕ್ಕೆ ಕಿಟಕಿಯ ಗಲಾಟೆ ಬಹುತೇಕ ನಿಂತಿತು. ತಾಯಿ ಮೂರು ವಾರ ಬೆಳಗ್ಗೆಯೇ ಬಂದರು, ಈಗ ಹತ್ತೂವರೆಗೆ ಬರುತ್ತಾರೆ. ಸ್ಕೂಟರ್ ಸದ್ದಿಗೆ ಬೆಲ್ಲ ಕಿವಿ ನಿಮಿರಿಸುತ್ತಾಳೆ, ಮತ್ತೆ ಮೊಸರನ್ನಕ್ಕೆ ಮರಳುತ್ತಾಳೆ. ಚಿತ್ರೀಕರಣವನ್ನು ನೋಡಿದ ಮಾಲೀಕರು ಊಳಿಡುವ ಭಾಗವನ್ನು ಇನ್ನೊಮ್ಮೆ ಹಾಕಿಸಿ ನೋಡಿ, ‘ಪಾಪ, ಹೆದರ್ಕೊಂಡಿದೆ’ ಎಂದರು. ಸೊಪ್ಪಿನವರ ಕೂಗಿಗೆ ಮಾತ್ರ ಇನ್ನೂ ಎರಡು ಬೊಗಳು ಉಳಿದಿವೆ.