ನಾಯಿಮರಿ ಮೈಯಲ್ಲಿ ಉಣ್ಣೆ, ಬಾಲದ ಬುಡದಲ್ಲಿ ಕರಿ ಪುಡಿ: ಏನು ಹಾಕಲಿ?

ಹಾಸನದವಳು:
ಎಲ್ಲರಿಗೂ ನಮಸ್ಕಾರ. ಹೊಲದ ಬದಿಯಲ್ಲಿ ಸಿಕ್ಕ ಬೀದಿನಾಯಿ ಮರಿಯನ್ನು ಮನೆಗೆ ತಂದಿದ್ದೇವೆ. ಒಂದೂವರೆ ತಿಂಗಳು ಇರಬಹುದು, ತೂಕ ಎರಡು ಕೆಜಿ ಒಳಗೇ. ಕಿವಿ ಒಳಗೆ, ಕಾಲ್ಬೆರಳ ಸಂದಿಯಲ್ಲಿ ಉಣ್ಣೆ ಕಚ್ಚಿಕೊಂಡಿವೆ, ಕೆಲವಂತೂ ರಕ್ತ ಕುಡಿದು ಹರಳು ಬೀಜದ ಹಾಗೆ ಊದಿಕೊಂಡಿವೆ. ಬಾಲದ ಬುಡದಲ್ಲಿ ಕೂದಲು ಸರಿಸಿದರೆ ಕರಿ ಪುಡಿ ಬೇರೆ, ಮಣ್ಣೋ ಏನೋ ಗೊತ್ತಿಲ್ಲ. ಸೀಮೆಎಣ್ಣೆ ಒರೆಸು ಅಂತ ಅತ್ತೆ, ಹಸುವಿಗೆ ಹಾಕುವ ಉಣ್ಣೆ ಔಷಧಿ ನೀರಿಗೆ ಬೆರೆಸಿ ಮೈ ತೊಳೆಸಿ ಅಂತ ಪಕ್ಕದ ಮನೆಯವರು. ಮನೆಯಲ್ಲಿ ಬೆಕ್ಕೂ ಇದೆ. ಏನು ಮಾಡಲಿ?

ನಾಯಿಪ್ರಿಯ:
ಎರಡೂ ಬೇಡ ಮೇಡಂ, ದಯವಿಟ್ಟು. ಸೀಮೆಎಣ್ಣೆ ಎಳೆ ಚರ್ಮ ಸುಡುತ್ತದೆ, ಮರಿ ಅದನ್ನು ನೆಕ್ಕಿದರೆ ಶ್ವಾಸಕೋಶಕ್ಕೂ ತೊಂದರೆ. ಹಸುವಿನ ಔಷಧಿಯಲ್ಲಿ ಸಾಮಾನ್ಯವಾಗಿ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಅಥವಾ ಅಮಿಟ್ರಾಜ್ ಇರುತ್ತದೆ. ಇಷ್ಟು ಚಿಕ್ಕ ಮರಿಗೆ ಅಂದಾಜಿನ ಮೇಲೆ ಹಾಕುವಂಥದ್ದಲ್ಲ ಅದು, ಬೆಕ್ಕಿಗಂತೂ ವಿಷವೇ.

ಆ ಕರಿ ಪುಡಿಯನ್ನು ಒದ್ದೆ ಮಾಡಿದ ಬಿಳಿ ಹತ್ತಿ ಮೇಲೆ ಉದುರಿಸಿ ಸ್ವಲ್ಪ ಹೊತ್ತು ಬಿಡಿ. ಸುತ್ತ ಕೆಂಪು ಕಂದು ಬಣ್ಣ ಹರಡಿದರೆ ಅದು ಮಣ್ಣಲ್ಲ, ಚಿಗಟದ ಹಿಕ್ಕೆ, ಅಂದರೆ ಮರಿಯದೇ ರಕ್ತ ಜೀರ್ಣವಾಗಿ ಬಿದ್ದದ್ದು.

ಔಷಧಿ ವಯಸ್ಸು, ತೂಕ ನೋಡಿ ಕೊಡಬೇಕು. ಫಿಪ್ರೊನಿಲ್ ಸ್ಪ್ರೇಯಲ್ಲಿ ಎರಡು ದಿನದ ಮರಿಗೂ ಆಗುವಂಥದ್ದಿದೆ, ಆದರೆ ಅದೇ ಔಷಧಿಯನ್ನು ಬೆನ್ನಿನ ಮೇಲೆ ಹನಿಸುವ ಟ್ಯೂಬ್ ಎಂಟು ವಾರ ತುಂಬಿದ ಮೇಲೆ. ತಿನ್ನಿಸುವ ಮಾತ್ರೆಗಳೂ ಸಾಮಾನ್ಯವಾಗಿ ಎಂಟು ವಾರದ ನಂತರವೇ, ಅದರಲ್ಲೂ ಕನಿಷ್ಠ ತೂಕ ಇಷ್ಟಿರಬೇಕು ಅಂತ ಇರುತ್ತದೆ. ಸುಮ್ನೆ ಅಂಗಡಿಯಲ್ಲಿ ಕೇಳಿ ತರಬೇಡಿ, ಪಶು ಆಸ್ಪತ್ರೆಯಲ್ಲಿ ತೂಕ ಹಾಕಿಸಿ.

ಗದ್ದೆಬದಿ:
ಕಚ್ಚಿಕೊಂಡಿರುವುದನ್ನು ಕೈಯಲ್ಲಿ ಹಿಸುಕಬೇಡಿ. ಚಿಮುಟದಿಂದ ಚರ್ಮಕ್ಕೆ ಅಂಟಿಸಿಕೊಂಡೇ, ಹೊಟ್ಟೆ ಅಲ್ಲ, ತಲೆ ಹತ್ತಿರ ಹಿಡಿದು ನಿಧಾನವಾಗಿ ನೇರ ಮೇಲಕ್ಕೆ ಎಳೆಯಿರಿ. ತಿರುಚಬೇಡಿ, ಬಾಯಿ ಭಾಗ ಮುರಿದು ಒಳಗೇ ಉಳಿಯಬಹುದು. ಬೆಂಕಿಕಡ್ಡಿ ತಾಗಿಸುವುದು, ಎಣ್ಣೆ ಸುರಿಯುವುದು ಎಲ್ಲ ದಂಡ, ಅಪಾಯ ಕೂಡ. ಕಿತ್ತದ್ದನ್ನು ಸ್ಪಿರಿಟ್ ಬಾಟಲಿಗೆ ಹಾಕಿ. ಹೊರಗೆ ಎಸೆದರೆ ಊದಿದ ಹೆಣ್ಣು ಉಣ್ಣೆ ಒಂದೇ ಸಾವಿರಾರು ಮೊಟ್ಟೆ ಇಡುತ್ತದೆ. ಕಿವಿಯ ತೀರಾ ಒಳಗಿರುವುದನ್ನು ಡಾಕ್ಟರಿಗೇ ಬಿಡಿ.

ಸಾಗರದವ:
ಮರಿಗಿಂತ ಮನೆ ಕೆಲಸವೇ ಜಾಸ್ತಿ ಅಲ್ವಾ! ನಾಯಿ ಉಣ್ಣೆ ಗೋಡೆ ಬಿರುಕಲ್ಲಿ, ಬಾಗಿಲ ಸಂದಿಯಲ್ಲಿ ಮೊಟ್ಟೆ ಇಡುತ್ತದೆ, ಮರಿ ಉಣ್ಣೆಗಳು ಗೋಡೆ ಹತ್ತುವುದನ್ನು ಕಣ್ಣಾರೆ ನೋಡಬಹುದು. ಮಲಗುವ ಗೋಣಿಚೀಲ ಎಸೆದುಬಿಡಿ, ಬಟ್ಟೆಯಾದರೆ ಬಿಸಿನೀರಲ್ಲಿ ಒಗೆಯಿರಿ. ಚಿಗಟ ಆಗುವ ಮುಂಚೆ ಗೂಡು ಕಟ್ಟಿಕೊಂಡು ಒಳಗಿರುವ ಹುಳು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬದುಕಿರುತ್ತದೆ, ಅದಕ್ಕೇ ಒಮ್ಮೆ ಔಷಧಿ ಹಾಕಿ ಮುಗಿಯಿತು ಅನ್ನಬೇಡಿ.

ಕೆಲವರು ಮಂಗನ ಕಾಯಿಲೆ ಅಂತ ಹೆದರುತ್ತಾರೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಕಾಣಿಸಿದ ಆ ಕಾಯಿಲೆ ಹರಡುವುದು ಮುಖ್ಯವಾಗಿ ಕಾಡಿನ ಉಣುಗಿನಿಂದ, ಮನೆ ನಾಯಿಯ ಈ ಕಂದು ಉಣ್ಣೆ ಬೇರೆ ಜಾತಿ. ನಮ್ಮ ಕಡೆ ಕಾಡು ಸುತ್ತುವ ನಾಯಿಯ ಮೈಯಿಂದ ಉಣುಗು ಕೀಳುವಾಗ ಮಾತ್ರ ಕೈಗವಸು ಹಾಕಿಕೊಳ್ಳುತ್ತೇವೆ.

ಹಾಸನದವಳು:
ಹತ್ತಿ ಕೆಂಪಾಯಿತು! ಮರಿ ಸ್ವಲ್ಪ ಮಂಕಾಗಿದೆ, ಊಟವೂ ಅಷ್ಟಕ್ಕಷ್ಟೆ. ನಾಳೆ ಭಾನುವಾರ, ಸೋಮವಾರ ಕರೆದುಕೊಂಡು ಹೋದರೆ ಸಾಕಾ?

ನಾಯಿಪ್ರಿಯ:
ಈಗಲೇ ತುಟಿ ಎತ್ತಿ ಒಸಡು ನೋಡಿ. ಗುಲಾಬಿ ಬಣ್ಣವಿಲ್ಲದೆ ಬಿಳಿಚಿಕೊಂಡಿದ್ದರೆ ರಕ್ತ ಕಮ್ಮಿಯಾಗಿದೆ ಅಂತ ಅರ್ಥ, ಸೋಮವಾರದವರೆಗೆ ಕಾಯಬೇಡಿ. ಒಸಡು ಗುಲಾಬಿ ಇದ್ದರೂ ಊಟ ಬಿಟ್ಟಿರುವ ಇಷ್ಟು ಚಿಕ್ಕ ಮರಿಯನ್ನು ಇವತ್ತೇ ಯಾವುದಾದರೂ ಕ್ಲಿನಿಕ್‌ಗೆ ತೋರಿಸಿ. ಉಣ್ಣೆಯಿಂದ ಎರ್ಲಿಕಿಯಾ, ಬಬೇಸಿಯಾ ಜ್ವರ ಬರುತ್ತದೆ, ರಕ್ತ ಪರೀಕ್ಷೆ ಬೇಕಾ ಅಂತ ಕೇಳಿ. ಜಂತುಹುಳು ಔಷಧಿಯನ್ನೂ ಕೇಳಿ, ಚಿಗಟ ನುಂಗಿದ ಮರಿಗೆ ಲಾಡಿಹುಳು ಆಗುತ್ತದೆ. ಬೆಕ್ಕಿಗೂ ಚಿಗಟ ಹತ್ತಿರುತ್ತದೆ, ಅದಕ್ಕೆ ಬೆಕ್ಕಿನದೇ ಔಷಧಿ ಬೇರೆಯಾಗಿ ಬರೆಸಿಕೊಳ್ಳಿ.